ಎಡಗೈಯಲ್ಲಿ ಇಟ್ಟ ಮುದ್ದೆ

ಅಕ್ಕನ ಎಡಗೈಯ ಎರಡು ಬೆರಳಿಗೆ ಉಗುರೇ ಇರಲಿಲ್ಲ. ಮಣಿಕಟ್ಟಿನಿಂದ ಕೆಳಗೆ ಚರ್ಮ ಬೆಳ್ಳಗೆ, ಅಲ್ಲಲ್ಲಿ ಮುದುಡಿಕೊಂಡು, ಬೇರೆ ಯಾರದೋ ಕೈ ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ಆ ಕೈಯನ್ನು ಬಿಸಿನೀರಿಗೆ ಇಳಿಬಿಟ್ಟು ಬೆಂದ ರೇಷ್ಮೆಗೂಡುಗಳನ್ನು ಎತ್ತುತ್ತಿದ್ದರು. ಜೊತೆಯ ಹೆಂಗಸರು ಬೆರಳು ಅದ್ದಿದ ಕೂಡಲೇ ಪಕ್ಕದ ತಣ್ಣೀರಿಗೆ ಹಾಕಿಕೊಳ್ಳುತ್ತಿದ್ದರೆ, ಅಕ್ಕ ಮಾತ್ರ ಸಾರಿನಿಂದ ಬದನೆಕಾಯಿ ಆರಿಸುವವರ ಹಾಗೆ ನಿಧಾನವಾಗಿ ಆರಿಸುತ್ತಿದ್ದರು. ರಾಮನಗರದ ನೂಲು ಬಿಚ್ಚುವ ಶೆಡ್ಡುಗಳಲ್ಲಿ ಎಲ್ಲರ ಕೈಯೂ ಬೆಂದದ್ದೇ. ಹಾಗಾಗಿ ಆ ಕೈಗೆ ಏನಾಯಿತೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನು ಕೇಳಿದೆ. ಕೇಳಬಾರದಿತ್ತು.

ಆಗ ನನಗೆ ಇಪ್ಪತ್ತಾರು ವರ್ಷ. ಊರು ಮಾಗಡಿ ಕಡೆಯ ಕುದೂರು. ಬೆಂಗಳೂರಿನ ಒಬ್ಬ ಯುವ ನಿರ್ದೇಶಕನ ಬಳಿ ಸಹಾಯಕಿಯಾಗಿ ಸೇರಿದ್ದೆ. ಆತ ಒಂದು ಸಿನಿಮಾ ಮಾಡುತ್ತಿದ್ದ. ಹರೆಯದ ಪ್ರೀತಿ, ಆ ಪ್ರೀತಿಯಲ್ಲಿ ಆಗುವ ಗಾಯ, ಕೊನೆಗೆ ಆ ಗಾಯ ಮಾಯುವುದು, ಇಷ್ಟು ಕಥೆ. ಮಾಯುವುದಕ್ಕೆ ಆತ ಹೀಲಿಂಗ್ ಎನ್ನುತ್ತಿದ್ದ. ದಿನಕ್ಕೆ ಹತ್ತು ಸಲ ಎನ್ನುತ್ತಿದ್ದ. ಈಗ ಆ ಪದ ಕಿವಿಗೆ ಬಿದ್ದರೆ ನನಗೆ ವಾಕರಿಕೆ ಬರುತ್ತದೆ. ದೊಡ್ಡ ನಿರ್ಮಾಪಕರು ಯಾರೂ ಇಲ್ಲ, ಸ್ನೇಹಿತರೇ ಸೇರಿ ಮಾಡುತ್ತಿದ್ದೇವೆ, ಆದ್ದರಿಂದ ಇದು ಸ್ವತಂತ್ರ ಸಿನಿಮಾ ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆವು. ಅಕ್ಕನ ಶೆಡ್ಡು, ಅಕ್ಕನ ಕರೆಂಟು, ಅಕ್ಕನ ಮುದ್ದೆ, ಕಡೆಗೆ ಅಕ್ಕನ ಬದುಕು, ಇಷ್ಟನ್ನು ಬಿಟ್ಟರೆ ಆ ಸಿನಿಮಾ ನಿಜವಾಗಿಯೂ ಯಾರ ಹಂಗಿನಲ್ಲೂ ಇರಲಿಲ್ಲ.

ನಾಯಕಿ ನೂಲು ಬಿಚ್ಚುವ ಹುಡುಗಿ ಎಂದು ಆತ ಬರೆದಿದ್ದ. ಅವಳಿಗೆ ಪ್ರೀತಿಯಲ್ಲಿ ಏನೋ ಒಂದು ಕೆಟ್ಟದ್ದು ಆಗಬೇಕು. ಏನು ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಶೂಟಿಂಗಿಗೆ ಮುಂಚೆ ನಾನು ಅಕ್ಕನ ಮನೆಯಲ್ಲಿ ಮೂರು ವಾರ ಇದ್ದು, ಕೆಲಸ ನೋಡಿಕೊಂಡು, ಸಂಭಾಷಣೆಯನ್ನು ಈ ಕಡೆಯ ಮಾತಿಗೆ ತಿದ್ದಬೇಕೆಂದು ತೀರ್ಮಾನವಾಯಿತು. ಅಕ್ಕನಿಗೆ ಐವತ್ತೈದರ ಸುಮಾರು. ಮದುವೆಯಾಗಿರಲಿಲ್ಲ. ಮನೆಯ ಹಿಂದೆಯೇ ಶೆಡ್ಡು, ಅದು ಅವರ ಅಪ್ಪನ ಕಾಲದ್ದು. ಹೆಂಡತಿ ಸತ್ತಿದ್ದ ಅಣ್ಣ ಜೊತೆಯಲ್ಲಿದ್ದ. ಅಣ್ಣ ಮಾರುಕಟ್ಟೆಗೆ ಹೋಗಿ ಗೂಡು ಹರಾಜಿನಲ್ಲಿ ಹಿಡಿದು ತರುತ್ತಿದ್ದ, ಅಕ್ಕ ನಾಲ್ಕು ಹೆಂಗಸರನ್ನು ಇಟ್ಟುಕೊಂಡು ನೂಲು ತೆಗೆಸುತ್ತಿದ್ದರು. ಆ ಹೆಂಗಸರು ಕರೆಯುತ್ತಿದ್ದ ಹಾಗೆ ನಾನೂ ಅವರನ್ನು ಅಕ್ಕ ಎಂದೇ ಕರೆದೆ.

ಮೊದಲ ದಿನ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟೆ. ಬೆಂದ ಹುಳದ ವಾಸನೆ ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ, ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನಾನು ಸೆರಗಿನಂತೆ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ಬಾಯಲ್ಲೇ ಉಸಿರಾಡುತ್ತಿದ್ದೆ. ಅಕ್ಕ ತಲೆಯೆತ್ತದೆಯೇ, "ಬಾಯಲ್ಲಿ ಉಸ್ರು ಎಳೀಬ್ಯಾಡ ಕಣವ್ವ, ಹೊಟ್ಟೆಗೆ ಹೋಯ್ತದೆ. ಮೂಗಲ್ಲೇ ಎಳಿ. ಒಂದು ಗಳಿಗೆ ಸತ್ತೋದಂಗಾಯ್ತದೆ, ಆಮೇಲೆ ಮೂಗೇ ಸುಮ್ನಾಯ್ತದೆ" ಎಂದರು. ಹಾಗೆಯೇ ಆಯಿತು. ಮೂರನೆಯ ದಿನ ಅಲ್ಲೇ ಕುಳಿತು ಬೋಂಡ ತಿಂದೆ.

ಅಕ್ಕನಿಗೆ ಒಂದು ಅಭ್ಯಾಸವಿತ್ತು. ಗೂಡೊಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ನೋಡುವುದು. ಒಳಗಿನ ಹುಳ ಟಕಟಕ ಎಂದರೆ ಗೂಡು ಚೆನ್ನಾಗಿದೆ ಎಂದು ಲೆಕ್ಕ. ಸದ್ದು ಬಾರದಿದ್ದರೆ ಹುಳ ಒಳಗೇ ಕೊಳೆತು ಗೋಡೆಗೆ ಅಂಟಿಕೊಂಡಿದೆ ಎಂದರ್ಥ. ಮನುಷ್ಯರನ್ನೂ ಹಾಗೇ ಅಳೆಯುತ್ತಿದ್ದರು. ನಿರ್ದೇಶಕ ಒಮ್ಮೆ ಶೆಡ್ಡು ನೋಡಲು ಬಂದು, ಎರಡು ಮಾಸ್ಕ್ ಹಾಕಿಕೊಂಡು, "ಸ್ಮೆಲ್ ಒಂದು ಬಿಟ್ರೆ ಎಲ್ಲಾ ಬ್ಯೂಟಿಫುಲ್ ಅಮ್ಮ" ಎಂದು ಅವರ ಕಾಲಿಗೆ ನಮಸ್ಕಾರ ಮಾಡಿ ಹೋದ. ಆತ ಹೋದ ಮೇಲೆ ಅಕ್ಕ, "ಹುಡ್ಗ ಮೇಲೇನೋ ಬೆಳ್ಳುಗವ್ನೆ. ಅಲ್ಲಾಡ್ಸಿದ್ರೆ ಸದ್ದೇ ಬರಕಿಲ್ಲ" ಎಂದರು. ನಾನೂ ನಕ್ಕೆ. ನನ್ನನ್ನು ಅಲ್ಲಾಡಿಸಿ ನೋಡಿದ್ದರೋ ಇಲ್ಲವೋ, ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಆ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ನಾನು ಮತ್ತು ಅಣ್ಣ ಎದುರುಬದುರು ಕೂರುತ್ತಿದ್ದೆವು. ಅಕ್ಕ ನನ್ನ ತಟ್ಟೆಗೆ ಬಲಗೈಯಲ್ಲಿ ಮುದ್ದೆ ಇಟ್ಟು ಸಾರು ಬಿಡುತ್ತಿದ್ದರು. ಆಮೇಲೆ ಅಣ್ಣನ ತಟ್ಟೆಯ ಬಳಿ ಬಂದು ಎಡಗೈಯಲ್ಲಿ ಮುದ್ದೆ ಎತ್ತಿ ಇಡುತ್ತಿದ್ದರು. ನಮ್ಮ ಕಡೆ ಭಿಕ್ಷುಕನಿಗೂ ಯಾರೂ ಎಡಗೈಯಲ್ಲಿ ಅನ್ನ ಹಾಕುವುದಿಲ್ಲ. ಮೊದಲ ದಿನ, ಬಲಗೈಯಲ್ಲಿ ಬೇರೆ ಏನೋ ಇದ್ದಿರಬೇಕು ಎಂದುಕೊಂಡೆ. ಎರಡನೆಯ ದಿನವೂ ಅದೇ. ಮೂರನೆಯ ದಿನ ಗಮನವಿಟ್ಟು ನೋಡಿದೆ. ಬಲಗೈ ಖಾಲಿ ಇತ್ತು, ಸೊಂಟದ ಮೇಲಿತ್ತು. ಅಣ್ಣ ತಲೆ ಎತ್ತುತ್ತಿರಲಿಲ್ಲ. ಬಿದ್ದದ್ದು ಒಂದು ಮುದ್ದೆ, ಉಂಡದ್ದು ಒಂದು ಮುದ್ದೆ. ಉಪ್ಪು ಕೇಳುತ್ತಿರಲಿಲ್ಲ, ಸಾರು ಕೇಳುತ್ತಿರಲಿಲ್ಲ. ಉಂಡು ಎದ್ದು ತಟ್ಟೆ ತೊಳೆದಿಟ್ಟು ಹೊರಟುಹೋಗುತ್ತಿದ್ದ.

ಎರಡನೆಯ ವಾರ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ರಾಟೆಗಳು ನಿಂತವು. ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳಲು ಹೊರಗೆ ಹೋದರು. ಅಕ್ಕ ಗೋಣಿಚೀಲದ ಮೇಲೆ ಕುಳಿತು ಬೆರಳಿಗೆ ಹರಳೆಣ್ಣೆ ಸವರಿಕೊಳ್ಳುತ್ತಿದ್ದರು.

"ಅಣ್ಣಂಗೆ ಯಾಕಕ್ಕ ಎಡಗೈಲಿ ಇಕ್ಕೋದು?" ಎಂದೆ.

ಉಗುರಿಲ್ಲದ ಬೆರಳಿಗೆ ಇನ್ನೊಂದು ಹನಿ ಎಣ್ಣೆ ಹಾಕಿಕೊಂಡರು. "ಅವ್ನು ಸುಟ್ಟ ಕೈ ಅಲ್ವಾ. ಅದ್ರಲ್ಲೇ ಉಣ್ಲಿ ಅಂತ" ಎಂದರು.

ಆಮೇಲೆ ಹೇಳಿದರು. ಅಳಲಿಲ್ಲ, ದನಿ ಏರಿಸಲಿಲ್ಲ. "ನಂಗೆ ಹತ್ತೊಂಬತ್ತು. ಆಗ ಮಿಷನ್ ಎಲ್ಲಿತ್ತು, ಚರಕ. ಗೂಡು ಬೇಯೋ ಬಾಣಲೇಲೇ ಎಳೆ ತೆಗೀಬೇಕು. ನನ್ ಚರಕ ತಿರುಗ್ಸಾಕೆ ಒಬ್ಬ ಬತ್ತಿದ್ದ. ನಮ್ ಜನ ಅಲ್ಲ. ಏನೂ ಇಲ್ಲ ಕಣವ್ವ, ಮಾತಾಡಿದ್ದೇ ಹೆಚ್ಚು. ಕನಕಪುರದ ಬಸ್ ಸ್ಟ್ಯಾಂಡಲ್ಲಿ ಇಬ್ರೂ ನಿಂತಿದ್ದುನ್ನ ಯಾರೋ ನೋಡಿ ಬಂದು ಹೇಳುದ್ರು. ಅಣ್ಣ ಬಂದ. ಮೊದ್ಲು ಬಲಗೈ ಹಿಡ್ಕಂಡ. ಆಮೇಲೆ ಏನನ್ನಿಸ್ತೋ, ಅದುನ್ನ ಬುಟ್ಟು ಎಡಗೈ ಹಿಡ್ಕಂಡ. ಬಲಗೈ ಹೋದ್ರೆ ನೂಲು ಯಾರು ತೆಗೀಬೇಕು? ಬಾಣಲೇಲಿ ಅದ್ದಿ ಹಿಡ್ಕಂಡಿದ್ದ. ಅಪ್ಪ ಅಲ್ಲೇ ಕುಂತಿದ್ರು. ‘ಗೂಡು ಹಾಳಾದಾವು, ಬುಡ್ಲಾ’ ಅಂದ್ರು. ಆಗ ಬುಟ್ಟ."

"ಆ ಹುಡುಗ?"

"ಊರು ಬುಟ್ಟ. ಎಲ್ಲೋ ಬದುಕಿದ್ರೆ ಸಾಕು." ಕೈ ಕಡೆ ನೋಡಿಕೊಂಡು, "ಈ ಕಸುಬಲ್ಲಿ ಇದೊಂದು ಅನುಕೂಲ. ಬೆಂದ ಕೈ ನೋಡಿ ಯಾರೂ ಏನೂ ಕೇಳಕಿಲ್ಲ. ಕೆಲ್ಸದಲ್ಲಿ ಸುಟ್ಟಿದ್ದು ಅಂದ್ಕತಾರೆ. ಗೊತ್ತಿರಾದು ನಂಗೆ, ಅವ್ನಿಗೆ. ದಿನಾ ಒಂದ್ಸಲ ಜ್ಞಾಪಿಸ್ತೀನಿ, ಅಷ್ಟೆಯ" ಎಂದರು.

ಕರೆಂಟ್ ಬಂತು. ಅಕ್ಕ ಎದ್ದು ನಿಂತು, "ಇದು ಇಲ್ಲೇ ಇರ್ಲಿ" ಎಂದು ಹೇಳಿ ಬಾಣಲೆಯ ಕಡೆ ಹೋದರು.

ಅಂದು ಸಂಜೆಯೇ ನಾನು ನಿರ್ದೇಶಕನಿಗೆ ಫೋನ್ ಮಾಡಿದೆ. ಕೈ, ಬಾಣಲೆ, ಅಣ್ಣ, ಅಪ್ಪನ ಮಾತು, ಎಲ್ಲವನ್ನೂ ಹೇಳಿದೆ. ಎಡಗೈ ಮುದ್ದೆಯ ವಿಷಯ ಮಾತ್ರ ಹೇಳಲಿಲ್ಲ. ಒಳ್ಳೆಯತನದಿಂದ ಅಲ್ಲ, ಅವಸರದಲ್ಲಿ ಮರೆತಿದ್ದೆ. ಆತ ಕೊನೆಯವರೆಗೂ ಕೇಳಿದ. ಆಮೇಲೆ, "ನಮ್ಮ ಸಿನಿಮಾ ಸಿಕ್ತು" ಎಂದ. ನನಗೆ ಎಂಥ ಹೆಮ್ಮೆ! ದೊಡ್ಡ ಸಿನಿಮಾದ ಬೀಜವನ್ನು ನಾನೇ ಹುಡುಕಿಕೊಟ್ಟೆ ಎಂದು ರಾತ್ರಿ ಅದೇ ಅಕ್ಕನ ಕೈಯಿಂದ ಎರಡು ಮುದ್ದೆ ಹಾಕಿಸಿಕೊಂಡು ಉಂಡೆ. ನನ್ನ ಬಗ್ಗೆ ನನಗೆ ಹೇಸಿಗೆಯಾಗುವ ಊಟ ಯಾವುದು ಎಂದರೆ ಅದೇ.

ಶೂಟಿಂಗ್ ಶುರುವಾಯಿತು. ಶೆಡ್ಡಿನಲ್ಲಿ ಪ್ರೇಮ ತೋರಿಸಲು ಏನಾದರೂ ಗುರುತು ಬೇಕೆಂದು ನಿರ್ದೇಶಕ ಹುಡುಕುತ್ತಿದ್ದ. ಎರಡು ಹುಳ ಸೇರಿ ಒಂದೇ ಗೂಡು ಕಟ್ಟುವುದುಂಟು, ಜೋಡಿಗೂಡು, ಎಂದು ಯಾರೋ ಹೇಳಿದ್ದೇ ತಡ, ಆತ ಕುಣಿದಾಡಿಬಿಟ್ಟ. ನಾಯಕ ನಾಯಕಿಗೆ ಜೋಡಿಗೂಡು ಕೊಡುವುದು, ಆಕೆ ಅದನ್ನು ಎದೆಗೆ ಒತ್ತಿಕೊಳ್ಳುವುದು, ಹಿಂದೆ ಕೊಳಲು. ಅಕ್ಕ ಮೂಲೆಯಲ್ಲಿ ನಿಂತು ನೋಡಿ ನನ್ನ ಕಿವಿಯಲ್ಲಿ, "ಅದ್ರಲ್ಲಿ ನೂಲೇ ಬರಕಿಲ್ಲ ಕಣವ್ವ. ಎರಡು ಎಳೆ ಸಿಕ್ಕಾಕ್ಕಂಡಿರ್ತವೆ. ನಾವು ಆರ್ಸಿ ಆಚೆಗೆ ಬಿಸಾಕ್ತೀವಿ" ಎಂದರು. ನಾನು ಅದನ್ನು ಹೋಗಿ ಹೇಳಿದಾಗ ನಿರ್ದೇಶಕ, "ಅದು ಆಡಿಯನ್ಸ್‌ಗೆ ಗೊತ್ತಿಲ್ವಲ್ಲ" ಎಂದ. ನಟಿಗೆ ಎಳೆ ಹಿಡಿಯಲು ಬರುತ್ತಿರಲಿಲ್ಲ. ಹತ್ತಿರದ ಶಾಟುಗಳಿಗೆಲ್ಲ ಅಕ್ಕನ ಕೈಯನ್ನೇ ಬಳಸಿಕೊಂಡೆವು. ಒಂದು ಬೆಳಿಗ್ಗೆ ಪೂರ್ತಿ ಎಡಗೈಯನ್ನೇ ತೆಗೆದರು. ಯಾಕೆ ಎಂದು ಅಕ್ಕ ಕೇಳಿದರು. ಬೆಳಕು ಆ ಕಡೆಯಿಂದ ಬರುತ್ತಿದೆ ಎಂದು ನಾನು ಸುಳ್ಳು ಹೇಳಿದೆ.

ಬಾಣಲೆಯ ದೃಶ್ಯವನ್ನು ಅಕ್ಕನ ಎದುರು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ತಿಂಗಳಿಗೊಂದು ಮಂಗಳವಾರ ಅವರು ಬಸ್ಸು ಹಿಡಿದು ಕಬ್ಬಾಳಿಗೆ, ಕಬ್ಬಾಳಮ್ಮನಿಗೆ ಹಣ್ಣುಕಾಯಿ ಮಾಡಿಸಲು ಹೋಗುತ್ತಿದ್ದರು. ಅಣ್ಣನಿಗೆ ಅಂದು ಮಾರುಕಟ್ಟೆ. ಷೆಡ್ಯೂಲ್ ಬರೆಯುವ ಕೆಲಸ ನನ್ನದು. ಆ ಮಂಗಳವಾರಕ್ಕೆ ದೃಶ್ಯ ಸಂಖ್ಯೆ ಬರೆದದ್ದು ನನ್ನ ಈ ಕೈ. ಸಂಜೆ ಅಕ್ಕ ಬಂದು ಎಲ್ಲರಿಗೂ ಕುಂಕುಮ ಪ್ರಸಾದ ಕೊಟ್ಟರು. ನಿರ್ದೇಶಕ ಕಣ್ಣಿಗೊತ್ತಿಕೊಂಡು ತೆಗೆದುಕೊಂಡ.

ಸಿನಿಮಾ ಎಲ್ಲೆಲ್ಲೋ ಹೊರದೇಶದ ಉತ್ಸವಗಳಿಗೆ ಹೋಗಿ ಬಂತು. ಜನ ಅತ್ತರಂತೆ. ಆಮೇಲೆ, ಈ ಮಣ್ಣಿನ ಕಥೆಯನ್ನು ಈ ಮಣ್ಣಿಗೇ ಅರ್ಪಿಸಬೇಕು ಎಂದು ನಿರ್ದೇಶಕ ರಾಮನಗರದ ಒಂದು ಕಲ್ಯಾಣ ಮಂಟಪದಲ್ಲಿ ಪರದೆ ಕಟ್ಟಿಸಿದ. ಶೆಡ್ಡಿನ ಹೆಂಗಸರು, ಬೀದಿಯವರು, ಗೂಡಿನ ವ್ಯಾಪಾರದವರು ಎಲ್ಲ ಬಂದಿದ್ದರು. ಅಕ್ಕ ಹಸಿರು ಸೀರೆ ಉಟ್ಟು ಎರಡನೆಯ ಸಾಲಿನಲ್ಲಿ. ಅಣ್ಣ ಬಿಳಿ ಪಂಚೆಯಲ್ಲಿ ಮೊದಲ ಸಾಲಿನಲ್ಲಿ.

ಬಾಣಲೆಯ ದೃಶ್ಯ ಬಂತು. ನಟಿ ಕಿರುಚಿದಳು. ಕೂಡಲೇ ಪರದೆಯ ತುಂಬ ಅಕ್ಕನ ಎಡಗೈ, ಉಗುರಿಲ್ಲದ ಎರಡು ಬೆರಳು. ನಾನು ಅಕ್ಕನ ಕಡೆ ನೋಡಲಿಲ್ಲ. ಆಮೇಲೆ ಸಿನಿಮಾದಲ್ಲಿ ಮಳೆ ಬಂತು, ಹೊಸ ಹುಡುಗ ಬಂದ, ಕೈಗೆ ಮುತ್ತಿಟ್ಟ, ಒಂದು ಹಾಡು ಮುಗಿಯುವಷ್ಟರಲ್ಲಿ ನಾಯಕಿಗೆ ಹೀಲಿಂಗ್ ಆಯಿತು. ಕೊನೆಗೆ ನಾಯಕಿಯ ಅಣ್ಣ ಅವಳ ಕಾಲಿಗೆ ಬೀಳುತ್ತಾನೆ, ಅವಳು ಅವನನ್ನು ಎತ್ತಿ ಸುಟ್ಟ ಕೈಯಿಂದಲೇ ತುತ್ತು ತಿನ್ನಿಸುತ್ತಾಳೆ. ಕ್ಯಾಮೆರಾಗೆ ಸುಟ್ಟ ಕೈ ಕಾಣಬೇಕಲ್ಲ. ಹಿಂದಿನ ಸಾಲಿನಲ್ಲಿ ಹೆಂಗಸರು, "ಎಡಗೈಲಿ ತುತ್ತಾ? ಥೂ" ಎಂದು ಗೊಣಗಿದರು. ಆದರೂ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ನಿರ್ದೇಶಕ ವೇದಿಕೆಗೆ ಹತ್ತಿ, ಇದು ಕಟ್ಟುಕಥೆಯಲ್ಲ, ಈ ಸಭೆಯಲ್ಲೇ ಇರುವ ಒಬ್ಬ ತಾಯಿಯ ಬದುಕು ಎಂದು ಅಕ್ಕನನ್ನು ಕರೆದ. ಶಾಲು ಹೊದಿಸಿದ. ಹಣ್ಣಿನ ಬುಟ್ಟಿ ಕೊಟ್ಟ. ಮೈಕಿನಲ್ಲಿ, "ಅಮ್ಮ, ಆ ಕೈಯನ್ನ ಒಂದ್ಸಲ ಎತ್ತಿ ತೋರ್ಸಿ" ಎಂದ. ಮೊಬೈಲುಗಳೆಲ್ಲ ಮೇಲೆದ್ದವು. ಎದುರಿಗೆ ಕುಳಿತಿದ್ದ ಅಣ್ಣನ ಮುಖ ಬೂದಿಯಾಗಿತ್ತು. ಸಭೆಯ ಕಣ್ಣುಗಳು ಒಂದೊಂದಾಗಿ ಅವನ ಕಡೆಗೆ ತಿರುಗುತ್ತಿದ್ದವು.

ಅಕ್ಕ ಎಡಗೈಯನ್ನು ಶಾಲಿನೊಳಕ್ಕೆ ಎಳೆದುಕೊಂಡರು. ಬಲಗೈಯಲ್ಲಿ ಮೈಕ್ ಹಿಡಿದು, "ಇದು ಕೆಲ್ಸದಲ್ಲಿ ಸುಟ್ಟಿದ್ದು. ಸಿನ್ಮಾದೋರು ಚೆಂದಕ್ಕೆ ಏನೋ ಕತೆ ಕಟ್ಟವ್ರೆ" ಎಂದರು. ನಿರ್ದೇಶಕ ಗಾಬರಿಯಿಂದ ನನ್ನ ಕಡೆ ನೋಡಿದ. ಅಕ್ಕನೂ ನೋಡಿದರು. ನಾನೇ ಕಟ್ಟಿದ ಕಥೆ ಎಂದು ನಾನು ಒಂದು ಮಾತು ಹೇಳಬಹುದಿತ್ತು. ನೆಲ ನೋಡುತ್ತ ನಿಂತೆ.

ಒಂದು ವಾರ ಬಿಟ್ಟು ಕ್ಷಮೆ ಕೇಳಲು ಹೋದೆ. ಅಕ್ಕ ಬಾಗಿಲಲ್ಲಿ ನಿಲ್ಲಿಸಲಿಲ್ಲ, ಬೈಯಲಿಲ್ಲ. "ಉಂಡ್ಯಾ?" ಎಂದರು. ಅಣ್ಣ ಆಗಲೇ ತಟ್ಟೆಯ ಮುಂದೆ ಕುಳಿತಿದ್ದ. ಅಕ್ಕ ನನಗೆ ಬಲಗೈಯಲ್ಲಿ ಮುದ್ದೆ ಇಟ್ಟರು. ಆಮೇಲೆ ಅಣ್ಣನಿಗೂ ಬಲಗೈಯಲ್ಲೇ ಇಟ್ಟರು.

ಆತ ತಲೆ ಎತ್ತಿಕೊಂಡೇ ಉಂಡ. ಸಾರು ಇನ್ನೊಂದು ಸೌಟು ಹಾಕಿಸಿಕೊಂಡ. ಉಪ್ಪು ಒಸಿ ಕಮ್ಮಿ ಎಂದ. ಮಾಗಡಿ ಕಡೆ ಮಳೆ ಹೇಗಿದೆ ಎಂದು ನನ್ನನ್ನು ವಿಚಾರಿಸಿದ. ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡ. ಅಷ್ಟು ದಿನ ಆತನ ದನಿ ಹೇಗಿದೆ ಎಂದೇ ನಾನು ಸರಿಯಾಗಿ ಕೇಳಿರಲಿಲ್ಲ. ದಪ್ಪನೆಯ, ಆರೋಗ್ಯವಾದ ದನಿ.

ಆತ ಎದ್ದು ಹೋದ ಮೇಲೆ ಅಕ್ಕ ಹೇಳಿದರು: "ಸಿನ್ಮಾ ತೋರ್ಸಿದ ಮಾರ್ನೇ ದಿನಾನೇ ತಟ್ಟೆ ಮುಂದೆ ಕುಂತ್ಕಂಡು ‘ಬಲಗೈಲಿ ಇಕ್ಕು’ ಅಂದ. ‘ಕೆಲ್ಸದಲ್ಲಿ ಸುಟ್ಟಿದ್ದು ಅಂತ ನಾಲ್ಕು ಜನದ ಮುಂದೆ ನೀನೇ ಹೇಳ್ದಲ್ಲ’ ಅಂದ. ಇಕ್ದೆ. ಆಡಿದ ಮಾತು, ಹಿಂದಕ್ಕೆ ತಗಳಾಕಾಯ್ತದಾ."

"ಯಾಕೆ ಹಂಗಂದ್ರಿ ಅಕ್ಕ? ಇದ್ದುದ್ದು ಹೇಳಿದ್ರೆ ಅವ್ನ ಮಾನ ಹೋಗ್ತಿತ್ತು."

"ಹೋಗಿ? ಎಲ್ರೂ ಒಂದ್ಸಲ ಥೂ ಅಂದು, ನಂಗೊಂದು ಅಯ್ಯೋ ಪಾಪ ಅಂದು, ಚಪ್ಪಾಳೆ ತಟ್ಟಿ ಮುಗಿಸ್ಬುಡೋರು. ಸಿನ್ಮಾದಲ್ಲಿ ಮುಗಿಸಿದ್ರಲ್ಲ, ಹಂಗೆ. ನಂದು ಅಂತ ಇದ್ದಿದ್ದು ಅದೊಂದು. ಅದುನ್ನ ಅವ್ರ ಕೈಗೆ ಕೊಡಾಕೆ ಮನ್ಸು ಬರ್ನಿಲ್ಲ." ಅಣ್ಣ ಬಿಟ್ಟುಹೋಗಿದ್ದ ಖಾಲಿ ತಟ್ಟೆ ಎತ್ತಿಕೊಳ್ಳುತ್ತ, "ನಿಮ್ ಸಿನ್ಮಾದಿಂದ ನಂಗೇನೂ ದೊಡ್ಡ ನಷ್ಟ ಆಗ್ನಿಲ್ಲ ಕಣವ್ವ. ಎಡಗೈ ಒಂದು ಹೋಯ್ತು. ಅಣ್ಣ ಅವತ್ತು ಸುಟ್ಟಾಗ್ಲೂ ಹೋಗಿರ್ನಿಲ್ಲ" ಎಂದರು.

ನಾನು ಸಿನಿಮಾ ಬಿಟ್ಟೆ. ಅದೇನೂ ತ್ಯಾಗವಲ್ಲ, ಅಲ್ಲಿ ನಿಂತರೆ ಮೈಯೆಲ್ಲ ನಾರುತ್ತಿರುವ ಹಾಗನ್ನಿಸುತ್ತಿತ್ತು. ಮಾಗಡಿಯ ಒಂದು ಶಾಲೆಯಲ್ಲಿ ಪಾಠ ಹೇಳಿಕೊಂಡು, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಅಕ್ಕನ ಶೆಡ್ಡಿಗೆ ಹೋಗುತ್ತಿದ್ದೆ. ಎಳೆ ತೆಗೆಯುವುದನ್ನು ಕಲಿಸಿದರು. ಗೂಡಿನ ಮೇಲಿನ ಸಿಕ್ಕುಸಿಕ್ಕಾದ ಎಳೆಗಳನ್ನೆಲ್ಲ ಕಿತ್ತು ಬಿಸಾಡುತ್ತ ಹೋದರೆ ಕೊನೆಗೆ ಒಂದೇ ಒಂದು ನಿಜವಾದ ಎಳೆ ಬೆರಳಿಗೆ ಸಿಗುತ್ತದೆ. ನನ್ನ ಬೆರಳು ಸುಟ್ಟು ಕೈ ಒದರಿದಾಗಲೆಲ್ಲ ನಗುತ್ತಿದ್ದರು. ನಗುವಾಗಲೂ ನನ್ನನ್ನು ಕ್ಷಮಿಸಿದೆ ಎಂದು ಒಮ್ಮೆಯೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೇ ನಾನು ಅವರ ಬಳಿ ಹೋಗುವುದು ಸಾಧ್ಯವಾಯಿತು. ಅಲ್ಲಿ ಊಟಕ್ಕೆ ಮಾತ್ರ ನಿಲ್ಲುತ್ತಿರಲಿಲ್ಲ. ಒಮ್ಮೆ ತಾವಾಗಿಯೇ, "ನಾನ್ ಹೋದ್ಮೇಲೆ ಬೇಕಾರೆ ಬರ್ಕೊ. ಇದ್ದುದ್ದು ಇದ್ದಂಗೆ ಬರಿ. ಮುಲಾಮು ಹಚ್ಚಬ್ಯಾಡ" ಎಂದರು. ಆ ಅಪ್ಪಣೆ ಇರದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಹುಡುಗನ ಬಗ್ಗೆ ಅವರು ಹೇಳಿದ ಇನ್ನೂ ಒಂದು ಮಾತಿದೆ. ಅದಕ್ಕೆ ಅಪ್ಪಣೆ ಕೇಳಿರಲಿಲ್ಲ, ಬರೆಯುವುದಿಲ್ಲ.

ಕಳೆದ ವರ್ಷ ಅಕ್ಕ ತೀರಿಕೊಂಡರು. ನಾಲ್ಕು ದಿನ ಜ್ವರ, ಐದನೆಯ ದಿನ ಇಲ್ಲ. ಹನ್ನೊಂದನೆಯ ದಿನದ ಊಟಕ್ಕೆ ಹೋದೆ. ಅಂಗಳದಲ್ಲಿ ಹಾರ ಹಾಕಿಟ್ಟಿದ್ದ ಫೋಟೋ ಆ ಸನ್ಮಾನದ ದಿನದ್ದು. ಎಡಗೈ ಶಾಲಿನೊಳಗೆ. ಅಣ್ಣ ಬಂದವರಿಗೆಲ್ಲ ಕೈ ಮುಗಿಯುತ್ತ, "ಪಾಪ, ನನ್ ತಂಗಿ. ಕೆಲ್ಸದಲ್ಲಿ ಕೈ ಸುಟ್ಕಂಡಿತ್ತು. ಆದ್ರೂ ಕಡೇಗಂಟ ದುಡೀತು" ಎಂದು ಹೇಳುತ್ತಿದ್ದ. ಕೆಲವರು ಕಣ್ಣೊರೆಸಿಕೊಂಡರು. ಅಕ್ಕ ತಮ್ಮದನ್ನು ತಮ್ಮಲ್ಲೇ ಉಳಿಸಿಕೊಳ್ಳಲು ಆಡಿದ ಒಂದು ಸುಳ್ಳನ್ನು ಆತ ಸೋಪಿನ ಹಾಗೆ ಉಜ್ಜಿಕೊಂಡು ತೊಳೆದುಕೊಳ್ಳುತ್ತಿದ್ದ. ಆ ಸೋಪನ್ನು ಅವನ ಕೈಗೆ ತಂದುಕೊಟ್ಟದ್ದು ನಾವು. ಶೆಡ್ಡಿನ ಮೊದಲ ದಿನ ಅಕ್ಕ ಹೇಳಿಕೊಟ್ಟ ಹಾಗೆ ಮೂಗಿನಲ್ಲೇ ಉಸಿರು ಎಳೆದುಕೊಂಡೆ.

ಕೊನೆಯ ಪಂಕ್ತಿಗೆ ಮನೆಯವರು ಕುಳಿತರು. ಬಡಿಸಲು ಕೈ ಸಾಲದು ಎಂದು ಶೆಡ್ಡಿನ ಹೆಂಗಸರು ನನ್ನನ್ನೂ ಕರೆದರು. ನಾನು ಮುದ್ದೆಯ ಬುಟ್ಟಿ ತೆಗೆದುಕೊಂಡೆ. ಸಾಲಿನ ತುದಿಯಿಂದ ಒಂದೊಂದೇ ಎಲೆಗೆ ಬಲಗೈಯಲ್ಲಿ ಇಡುತ್ತ ಬಂದೆ. ಅಣ್ಣನ ಎಲೆ ಬಂತು. ಬುಟ್ಟಿಯನ್ನು ಬಲಗಡೆ ಸೊಂಟಕ್ಕೆ ಬದಲಾಯಿಸಿಕೊಂಡು, ಎಡಗೈಯಲ್ಲಿ ಒಂದು ಮುದ್ದೆ ಎತ್ತಿ ಆತನ ಎಲೆಯ ನಡುವೆ ಇಟ್ಟೆ.

ಪಕ್ಕದಲ್ಲಿದ್ದ ಮುದುಕಿ, "ಅಯ್ಯೋ, ಎಡಗೈ ಕಣವ್ವ" ಎಂದಳು.

"ಗೊತ್ತು ಕಣಜ್ಜಿ" ಎಂದೆ.

ಆತ ಮುದ್ದೆ ನೋಡಿದ. ನನ್ನ ಕೈ ನೋಡಿದ. ಮುಖದ ತನಕ ಕಣ್ಣು ಬರಲಿಲ್ಲ. ತಲೆ ತಗ್ಗಿಸಿ ಮುದ್ದೆ ಮುರಿದ. ನಾನು ಸಾಲಿನ ಕೊನೆಯವರೆಗೂ ಬಲಗೈಯಲ್ಲೇ ಬಡಿಸಿ, ವಾಪಸ್ ಬರುವಾಗ ಎಲ್ಲರನ್ನೂ ಕೇಳಿದ ಹಾಗೆ ಆತನನ್ನೂ, "ಇನ್ನೊಂದು ಇಕ್ಲಾ?" ಎಂದು ಕೇಳಿದೆ.

ತಲೆ ಎತ್ತದೆ, ಎಲೆಯ ಮೇಲೆ ಕೈ ಅಡ್ಡ ಹಿಡಿದ.